ನೆಲದೊಳಗಿನ ಸದ್ದು

ಸೊಸೆ ಮುಂದಿನ ಕೋಣೆಯಲ್ಲಿ ಅಂಬೆಗಾಲಿಡುತ್ತಿದ್ದಳು. ಮಧ್ಯಾಹ್ನದ ಬಿಸಿಲು ಪರದೆಯೊಳಗಿಂದ ಸೋಸಿ ನೆಲಕ್ಕೆಲ್ಲ ಜೇನಿನ ಬಣ್ಣ ಬಂದಿತ್ತು. ಜನ ಕೂರಬೇಕಾದ ಸೋಫಾದ ಮೇಲೆ ಕರಿ ಪೆಟ್ಟಿಗೆಯೊಂದು ಆರಾಮಾಗಿ ಕೂತು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

“ಏನಮ್ಮಾ ಕಳ್ಕೊಂಡೆ?” ಬಾಗಿಲಲ್ಲಿ ನಿಂತಿದ್ದ ಮಾವ ಕೇಳಿದರು.

“ಕಳ್ಕೊಂಡಿಲ್ಲ ಮಾವ, ಸಿನಿಮಾದ ದಪ್ಪ ಸದ್ದೆಲ್ಲ ಹೊರಡಿಸೋ ಈ ಸಬ್‌ವೂಫರ್‌ಗೆ ಜಾಗ ಹುಡುಕ್ತಾ ಇದೀನಿ. ನಾವು ಕೂರೋ ಕಡೆ ಅದನ್ನ ಕೂರಿಸಿ, ಅದನ್ನ ಇಡೋ ಕಡೆಯೆಲ್ಲ ನಾವು ತೆವಳ್ಬೇಕು. ಎಲ್ಲಿ ಸದ್ದು ಹಿತವಾಗಿ ಕೇಳುತ್ತೋ ಅಲ್ಲೇ ಅದರ ಜಾಗ.”

“ಅಂದ್ರೆ ಅದು ಯಜಮಾನ, ನಾವು ಆಳು!”

ಮಾವ ನಕ್ಕರು. ನಕ್ಕರೂ ಕಣ್ಣಿನ ಕೆಳಗಿನ ಕಪ್ಪು ಹಾಗೇ ಇತ್ತು. ಹಡಗಿನ ಇಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದು, ನಿವೃತ್ತರಾಗಿ ಮಗನ ಮನೆಗೆ ಬಂದಾಗಿನಿಂದ ಅವರ ಹತ್ತಿರ ನಿದ್ದೆ ಸುಳಿದಿರಲಿಲ್ಲ. ಹಾಸಿಗೆ ಬದಲಾಯಿಸಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ರೆಪ್ಪೆ ಮುಚ್ಚಿದರೆ ಸಾಕು, ಯಾರೋ ಕೂಗಿದ ಹಾಗೆ ಬೆಚ್ಚಿ ಎದ್ದು ಮನೆಯೆಲ್ಲ ತಿರುಗುತ್ತಿದ್ದರು. ಮೊನ್ನೆ ಒಲೆ ಹಚ್ಚಿಟ್ಟು ಮರೆತಿದ್ದರು. ನಿನ್ನೆ ರಸ್ತೆಯ ನಡುವೆ, ವಾಹನಗಳ ಮಧ್ಯೆ, ಸುಮ್ಮನೆ ನಿಂತುಬಿಟ್ಟಿದ್ದರಂತೆ.

“ತಡಿ, ನಾನೂ ಒಂದು ಕೈ ನೋಡ್ತೀನಿ,” ಎಂದು ಅವರು ಬಾಗಿಲ ಚೌಕಟ್ಟು ಹಿಡಿದು ಮಂಡಿಯೂರಿದರು.

ಅವರು ಕಿಟಕಿಯ ಬದಿಯಿಂದ, ಅವಳು ಟೀವಿಯ ಬದಿಯಿಂದ. ಒಂದು ಮೂಲೆಯಲ್ಲಿ ಸದ್ದು ಒದ್ದೆ ಕಂಬಳಿಯ ಹಾಗೆ ಮೈಮೇಲೆ ಬೀಳುತ್ತಿತ್ತು. ಒಂದು ಮಾರು ಮುಂದೆ ಹೋದರೆ ಹೇಳಹೆಸರಿಲ್ಲದೆ ಮಾಯ. ನೀರಿನ ತಳದಲ್ಲಿ ಏನೋ ತಡಕಾಡುವವರಂತೆ ಇಬ್ಬರೂ ಮಾತಿಲ್ಲದೆ ನಿಧಾನವಾಗಿ ಸರಿದರು. ಕಿಟಕಿಯ ಕೆಳಗೆ ಮಾವ ತೆವಳುವುದನ್ನು ನಿಲ್ಲಿಸಿದರು. ಬಗ್ಗಿ ನೆಲಕ್ಕೆ ಕಿವಿಯಿಟ್ಟರು.

“ಇಲ್ಲಿ ಬಾ.”

ಅವಳೂ ಹೋಗಿ ಕಿವಿಯಿಟ್ಟಳು. “ಹೌದು ಮಾವ, ಇಲ್ಲೇ! ಸಿಕ್ಕೇಬಿಡ್ತು!”

“ಇದರ ದನಿ ಇನ್ನೂ ದಪ್ಪ ಮಾಡೋಕಾಗುತ್ತಾ?”

ಅವಳು ಫೋನಿನ ಮೇಲೆ ಬೆರಳು ಜಾರಿಸಿದಳು. ದನಿ ಇಳಿಯಿತು, ಇಳಿಯಿತು; ಕಿವಿಯನ್ನು ಬಿಟ್ಟು ಮುಂಗೈ ಮೂಳೆಗಳಲ್ಲಿ ಕೇಳಿಸತೊಡಗಿತು.

“ಇನ್ನೂ ಸ್ವಲ್ಪ... ಜಾಸ್ತಿ ಆಯ್ತು, ಒಂಚೂರು ಮೇಲೆ... ಹಾಂ, ಬಿಡು, ಇನ್ನು ಮುಟ್ಬೇಡ.” ಮಾವ ಅಂಗಾತ ಮಲಗಿ ಅಂಗಾಲುಗಳನ್ನು ಗೋಡೆಗೆ ಒತ್ತಿದರು. “ಈಗ ಬಂದರಿನ ದೀಪ ಹಿಂದೆ ಬಿದ್ದಿರುತ್ತೆ. ಇನ್ನೇನಿದ್ರೂ ನೀರು.”

ಅವಳಿಗೆ ಅದು ಅಷ್ಟಾಗಿ ಅರ್ಥವಾಗಲಿಲ್ಲ. ಕೆಲಸ ಇನ್ನೂ ಅರ್ಧ ಉಳಿದಿತ್ತು. ಎದುರು ಗೋಡೆಯ ಹತ್ತಿರ ಅಂಥದೇ ಇನ್ನೊಂದು ಪೆಟ್ಟಿಗೆಯಿತ್ತು, ಅದನ್ನೂ ಚಾಲೂ ಮಾಡಿದಳು. ಮಾಡಿದ್ದೇ ತಡ, ಕಿಟಕಿಯ ಕೆಳಗಿನ ಸದ್ದು ಸತ್ತುಹೋಯಿತು.

ಮಾವ ದಡಕ್ಕನೆ ಎದ್ದು ಕೂತರು. ಮುಖದಲ್ಲಿ ರಕ್ತವಿರಲಿಲ್ಲ. “ಇಂಜಿನ್ ನಿಂತೋಯ್ತು!”

“ನಿಂತಿಲ್ಲ ಮಾವ, ನಿಂತಿಲ್ಲ! ಒಂದು ತಳ್ಳೋವಾಗ ಇನ್ನೊಂದು ಎಳೀತಾ ಇದೆ, ಒಂದನ್ನೊಂದು ನುಂಗ್ಕೋತಾ ಇವೆ ಅಷ್ಟೇ.” ಅವಳು ಗಡಿಬಿಡಿಯಲ್ಲಿ ಆ ಎರಡನೆಯ ಪೆಟ್ಟಿಗೆಯ ಬೆನ್ನಿಗೆ ಕೈಹಾಕಿ ಪುಟ್ಟ ಸ್ವಿಚ್ಚೊಂದನ್ನು ಆಚೆಯಿಂದ ಈಚೆಗೆ ತಿರುಗಿಸಿದಳು.

ಸದ್ದು ಮರಳಿತು. ಈ ಸಲ ಎರಡೂ ಕಡೆಯಿಂದ ಬಂದು, ನೆಲದೊಳಗೆ ಕೂಡಿಕೊಂಡು, ಕೋಣೆಯನ್ನೇ ಮೆಲ್ಲಗೆ ಎತ್ತಿಕೊಂಡಿತು. ಗೋಡೆ, ಪರದೆ, ಬಿಸಿಲು ಎಲ್ಲವೂ ಎಲ್ಲಿಗೋ ಹೊರಟ ಹಾಗೆ ಅವಳಿಗೂ ಅನ್ನಿಸಿತು.

ಮಾವ ಮತ್ತೆ ಒರಗಿದರು. “ಸದ್ದು ಇದ್ರೆ ಎಲ್ಲ ಸರಿ ಇದೆ ಅಂತ ಅರ್ಥ ಕಣಮ್ಮ,” ಎಂದರು, ದನಿ ಆಗಲೇ ತೊದಲುತ್ತಿತ್ತು. “ಸದ್ದು ನಿಂತ್ರೆ ಎಂಥಾ ನಿದ್ದೆಯಲ್ಲಿದ್ರೂ ಎದ್ದು ಓಡ್ಬೇಕು. ಈ ನಿಮ್ಮನೆ ಯಾವಾಗ್ಲೂ ಸುಮ್ನೆ ಇರುತ್ತೆ... ನಾನು ಎಲ್ಲಿಗೆ ಅಂತ...”

ಮಾತು ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಅವಳು ಕೂತಲ್ಲೇ ಕೂತಳು. ಪೆಟ್ಟಿಗೆಯನ್ನು ಸರಿಸಲಿಲ್ಲ, ವೈರು ಮುಟ್ಟಲಿಲ್ಲ. ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿ ಕರಗುವುದನ್ನು ನೋಡುತ್ತ, ಈ ಮೌನದ ಮನೆಯಲ್ಲಿ ಇಷ್ಟು ದಿನ ತಾವೆಲ್ಲ ಉಸಿರು ಬಿಗಿಹಿಡಿದು ಓಡಾಡುತ್ತಿದ್ದುದನ್ನು ನೆನೆದಳು. ‘ಮಾವನಿಗೆ ಎಚ್ಚರ ಆದೀತು’ ಅಂತ!

ಸಂಜೆ ಗಂಡ ಬಂದ. “ಆಯ್ತಾ ಎಲ್ಲಾ? ಯಾವ ಸಿನಿಮಾ ಹಾಕೋಣ?” ಎನ್ನುತ್ತಲೇ ಬಾಗಿಲು ತಳ್ಳಿದವನು, ಹೆಂಡತಿ ತುಟಿಯ ಮೇಲೆ ಬೆರಳಿಟ್ಟದ್ದನ್ನು ಕಂಡು ತಡೆದ. ಆಮೇಲೆ ಅಪ್ಪನನ್ನು ಕಂಡ. ಬಾಯಿ ಅರ್ಧ ತೆರೆದು, ಕೈ ಎದೆಯ ಮೇಲೆ ಬಿಟ್ಟು, ಬರಿ ನೆಲದ ಮೇಲೆ ಮಗುವಿನಂಥ ನಿದ್ದೆ.

“ಇದೇನು ಸದ್ದು?” ಪಿಸುಗುಟ್ಟಿದ.

“ಅವರ ಹಡಗು. ನಿಲ್ಲಿಸೋ ಹಾಗಿಲ್ಲ.”

ಅವನು ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಕಳ್ಳಹೆಜ್ಜೆಯಿಟ್ಟು ಹೋಗಿ ಅಪ್ಪನ ಪಕ್ಕದಲ್ಲಿ ಮಲಗಿ ಅಂಗೈಯನ್ನು ನೆಲಕ್ಕೆ ಒತ್ತಿದ.

“ಚಿಕ್ಕವನಿದ್ದಾಗ, ನನ್ನೂ ಕರ್ಕೊಂಡ್ಹೋಗು ಅಂತ ಇವರ ಕಾಲಿಗೆ ಜೋತುಬಿದ್ದು ಅಳ್ತಿದ್ದೆ,” ಎಂದ, ಚಾವಣಿ ನೋಡುತ್ತ.

ಕೋಣೆಯಲ್ಲಿ ಬೇಕಾದಷ್ಟು ಜಾಗವಿತ್ತು. ಆದರೂ ಮಾವ ಕಣ್ಣು ತೆರೆಯದೆಯೇ, ಹಡಗಿನ ಇಕ್ಕಟ್ಟಿನ ಹಾಸಿಗೆಯಲ್ಲಿ ಮಲಗಿದವರ ಹಾಗೆ, ಮೆಲ್ಲಗೆ ಪಕ್ಕಕ್ಕೆ ಸರಿದು ಮಗನಿಗೆ ಜಾಗ ಬಿಟ್ಟರು.