ಸಿಹಿ ಡಬ್ಬದ ಅಡಿಯಲ್ಲಿ

ವಿಮಾನ ನಿಲ್ದಾಣದ ಎಕ್ಸ್‌ರೇ ಪರದೆಯ ಮೇಲೆ ಪಿಸ್ತೂಲು ಮೂಡಿತು. ಅಕ್ಷತಾ ಬೆಲ್ಟ್ ನಿಲ್ಲಿಸಲಿಲ್ಲ.

ನಿಲ್ಲಿಸಬೇಕಿತ್ತು. ಕೆಂಪು ಬಟನ್ ಒತ್ತಬೇಕು, ಬ್ಯಾಗನ್ನು ಯಂತ್ರದೊಳಗೇ ತಡೆಯಬೇಕು, ಬಾಗಿಲಲ್ಲಿರುವ ಪೊಲೀಸರಿಗೆ ಸನ್ನೆ ಮಾಡಬೇಕು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪದೆ ಒಪ್ಪಿಸುತ್ತಿದ್ದಳು. ಆದರೆ ಬೆರಳು ಅಲುಗಲಿಲ್ಲ. ಮೈಸೂರುಪಾಕಿನ ಡಬ್ಬ, ಅದರಡಿ ಪಿಸ್ತೂಲು. ಅದೇ ಜಾಗ, ಅದೇ ಉಪಾಯ. ಅಬ್ಬಾ, ಕೊನೆಗೂ ಬಂತಲ್ಲ ಈ ದಿನ ಎಂದುಕೊಂಡಳು.

ಮೈಸೂರಿನಿಂದ ವಿಮಾನ ಹತ್ತುವವರ ಬ್ಯಾಗಿನಲ್ಲಿ ಸಿಹಿ ಡಬ್ಬ ಇಲ್ಲದಿದ್ದರೇ ಆಶ್ಚರ್ಯ. ತುಪ್ಪದಲ್ಲಿ ಅದ್ದಿದ ಆ ಗಟ್ಟಿ ತಿಂಡಿ ಪರದೆಯ ಮೇಲೆ ಕಿತ್ತಳೆ ಬಣ್ಣದ ಇಟ್ಟಿಗೆಯಂತೆ ಕಂಡು, ಅಡಿಯಲ್ಲಿರುವುದನ್ನು ಮಸುಕು ಮಾಡುತ್ತದೆ. ಹೋದ ದಸರಾ ಸಮಯದಲ್ಲಿ ಮೇಲಿನಿಂದ ಬಂದ ತಪಾಸಣಾ ತಂಡದವರು ಇದನ್ನೇ ಬಳಸಿಕೊಂಡಿದ್ದರು. ಪ್ರಯಾಣಿಕನ ವೇಷದಲ್ಲಿ ತಮ್ಮವನೊಬ್ಬನನ್ನು ಕಳಿಸಿ, ಡಬ್ಬದಡಿ ಪಿಸ್ತೂಲಿಟ್ಟು, ಇಲ್ಲಿಯವರ ಕಣ್ಣು ಎಷ್ಟು ಚುರುಕು ಎಂದು ಪರೀಕ್ಷಿಸಿದ್ದರು. ಬ್ಯಾಗು ಸಲೀಸಾಗಿ ದಾಟಿಹೋಯಿತು. ಆಗ ಯಂತ್ರದಲ್ಲಿ ಲಾಗಿನ್ ಆಗಿದ್ದ ಹೆಸರು ವಿಶ್ವನಾಥನದು. ಅಕ್ಷತಾಳ ಗಂಡನದು.

ಕುರ್ಚಿಯಲ್ಲಿದ್ದವನು ಮಾತ್ರ ಸೂಪರ್‌ವೈಸರ್ ಅಮರೇಶ್. ಊಟ ಮಾಡಿಕೊಂಡು ಬನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದು ವಿಶ್ವನಾಥನನ್ನು ಎಬ್ಬಿಸಿದವನು, ಅವನ ಹೆಸರಿನಲ್ಲೇ ಕೂತು ಮೊಬೈಲು ನೋಡುತ್ತ ಬ್ಯಾಗು ಬಿಟ್ಟವನು. ವಿಷಯ ಹೊರಬಿದ್ದ ಕೂಡಲೇ, ನಾನಿಲ್ಲಿ ಇರಲೇ ಇಲ್ಲ ಎಂದುಬಿಟ್ಟ. ಸಬ್‌ಇನ್‌ಸ್ಪೆಕ್ಟರ್ ಶಿವಮಲ್ಲಪ್ಪ ವಿಶ್ವನಾಥನನ್ನು ಠಾಣೆಗೆ ಕರೆದೊಯ್ದು, ಬೇಕೆಂದೇ ಬಿಟ್ಟೆಯಾ, ಯಾರ ಜೊತೆ ಶಾಮೀಲು ಎಂದು ಸಂಜೆಯವರೆಗೂ ಜಾಲಾಡಿದರು. ಕೆಲಸ ಹೋಯಿತು. ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆದ. ವಿದ್ಯಾರಣ್ಯಪುರಂನ ಅವರ ಬೀದಿಯಲ್ಲಿ ಇವನನ್ನು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದರು. ಒಂದು ಸಲ ಕ್ಯಾಮೆರಾ ನೋಡಿ ಸಾರ್ ಎಂದು ಅಕ್ಷತಾ ಕಂಡಕಂಡವರ ಮುಂದೆ ಅಂಗಲಾಚಿದಳು. ಯಾರೂ ನೋಡಲಿಲ್ಲ.

ಅಂದಿನಿಂದ ಅವಳ ಹೊಟ್ಟೆಯಲ್ಲಿ ಕೆಂಡ. ಅಮರೇಶ್ ಹಾಳಾಗಬೇಕು. ಸುಮ್ಮನೆ ಹಾಳಾದರೆ ಸಾಲದು, ತನ್ನ ಗಂಡ ಹಾಳಾದ ರೀತಿಯಲ್ಲೇ, ಮಾಡದ ತಪ್ಪಿಗೆ ಆಗಬೇಕು. ಠಾಣೆಯ ಅದೇ ಬೆಂಚಿನ ಮೇಲೆ ಕೂರಬೇಕು.

ಈ ಬೆಳಗ್ಗೆ ವಿಶ್ವನಾಥ್ ಹೈದರಾಬಾದಿಗೆ, ಹೊಸ ಕೆಲಸದ ಸಂದರ್ಶನಕ್ಕೆಂದು, ಅವಳ ಕಣ್ಣೆದುರೇ ತಪಾಸಣೆಯ ಸಾಲಿನಲ್ಲಿ ನಿಂತಿದ್ದ. ಬೆಳಗಿನ ಹೊತ್ತು ಮೈಸೂರಿನಿಂದ ಹೊರಡುವುದು ಅದೊಂದೇ ವಿಮಾನ. ಅಮರೇಶ್ ಯಂತ್ರದ ಮುಂದೆ ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಕೆಣಕಿದ.

"ಏನ್ರೀ ವಿಶ್ವನಾಥ್, ಆ ಕಡೆ ನಿಂತ್ರೆ ಹೆಂಗನ್ಸುತ್ತೆ?"

ವಿಶ್ವನಾಥ್ ಸೊಂಟದ ಬೆಲ್ಟ್ ಕಟ್ಟಿಕೊಂಡ. ಅಮರೇಶನ ಪಕ್ಕ ಡ್ಯೂಟಿಯಲ್ಲಿದ್ದ ಹೆಂಡತಿಯ ಮುಖ ಕೆಂಪೇರಿದ್ದನ್ನು ಕಂಡು ಹತ್ತಿರ ಬಂದು, "ಬುಟ್ಬುಡು ಕಣೇ, ಎಲ್ಲಾ ಸರಿ ಹೋಗ್ತದೆ," ಎಂದು ಮೆಲ್ಲಗೆ ಹೇಳಿ ಒಳಗೆ ನಡೆದ. ಅವನಿಗೇನು, ಬಿಡಬಲ್ಲ. ಇವಳಿಗೆ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ತಪಾಸಣಾ ತಂಡದ ಮುಖ್ಯಸ್ಥ ಅನಂತಪದ್ಮನಾಭ ಬಂದು ಮ್ಯಾನೇಜರ್ ಕೋಣೆಯಲ್ಲಿ ಕೂತರು. ದಸರಾದಲ್ಲಿ ಅವರು ಮುಖ ತೋರಿಸಿದ್ದು ಬ್ಯಾಗು ದಾಟಿದ ಮೇಲೆ. ಈ ಸಲ ಮೊದಲೇ ಬಂದಿದ್ದರು. ಬಂದವರೇ ಅಮರೇಶನಿಗೆ ಹೇಳಿಕಳಿಸಿದರು. ಕುರ್ಚಿ ಬಿಡುವವರು ಯಂತ್ರದಿಂದ ತಮ್ಮ ಹೆಸರು ತೆಗೆದು ಏಳಬೇಕೆಂಬುದು ನಿಯಮ. ದೊಡ್ಡವರ ಕರೆ ಎಂಬ ಗಡಿಬಿಡಿಯಲ್ಲಿ ಅಮರೇಶ್ ಹಾಗೇ ಎದ್ದುಹೋದ. ಅಕ್ಷತಾ ಅವನ ಹೆಸರನ್ನು ಹಾಗೇ ಬಿಟ್ಟು ಆ ಕುರ್ಚಿಯಲ್ಲಿ ಕೂತಳು. ಇನ್ನು ಏನೇ ದಾಟಿದರೂ ಅವನ ಹೆಸರಿಗೆ.

ದೇವರು ಕಣ್ಣುಬಿಟ್ಟ ಎಂದೇ ಅನ್ನಿಸಿತು, ಮೂರನೆಯ ಬ್ಯಾಗಿನಲ್ಲೇ ಪಿಸ್ತೂಲು ಕಂಡಾಗ.

ಬ್ಯಾಗಿನವನತ್ತ ಕತ್ತೆತ್ತಿ ನೋಡಿದಳು. ಎಸಿಯ ಕೆಳಗೆ ನಿಂತಿದ್ದರೂ ಕುತ್ತಿಗೆ ತುಂಬ ಬೆವರು. ಏನು ನಟನೆಯಪ್ಪಾ, ಹೋದ ಸಲದವನಿಗಿಂತ ವಾಸಿ ಎಂದು ಒಳಗೊಳಗೇ ಮೆಚ್ಚಿದಳು. ಪಿಸ್ತೂಲಿಗೂ ಈ ಸಲ ಮುತುವರ್ಜಿ ವಹಿಸಿದ್ದರು. ಹೋದ ಸಲದ ಚಿತ್ರವನ್ನು ತರಬೇತಿಯಲ್ಲಿ ಎಲ್ಲರಿಗೂ ತೋರಿಸಿದ್ದರು, ಅದು ಖಾಲಿ ಕಬ್ಬಿಣ. ಇದರ ಹಿಡಿಯೊಳಗೆ ಗುಂಡುಗಳ ಸಾಲು ಆ ಮಸುಕಿನಲ್ಲೂ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಬ್ಯಾಗು ಆಚೆ ಬದಿಗೆ ಬಂತು.

"ಹೋಗ್ಬನ್ನಿ ಸಾರ್," ಎಂದಳು, ತುಟಿಯಂಚಿನಲ್ಲಿ ನಗುತ್ತ. "ನಾನೇನೂ ನೋಡ್ಲಿಲ್ಲ."

ಅವನು ಹಾವು ತುಳಿದವನಂತೆ ಬೆಚ್ಚಿಬಿದ್ದ. ಬ್ಯಾಗನ್ನು ಎದೆಗವಚಿಕೊಂಡು, ತಿರುಗಿ ನೋಡದೆ ಒಳಗೆ ಹೋದ.

ಇನ್ನೇನು ಆ ಮನುಷ್ಯ ಬ್ಯಾಗು ಹಿಡಿದು ವಾಪಸು ಬರುತ್ತಾನೆ, ಯಂತ್ರದಲ್ಲಿರುವ ಹೆಸರು ಓದುತ್ತಾರೆ, ಪೊಲೀಸರನ್ನು ಕರೆಯುತ್ತಾರೆ. ಅಕ್ಷತಾ ಸವಿಯುತ್ತ ಕಾದಳು. ಸಾಲು ಕರಗಿತು. ವಿಮಾನಕ್ಕೆ ಕೊನೆಯ ಕರೆಯೂ ಆಯಿತು. ಅವನು ಬರಲಿಲ್ಲ. ಬಂದದ್ದು ಮ್ಯಾನೇಜರ್ ಕೋಣೆಯಿಂದ ಅವಳಿಗೆ ಬುಲಾವು.

ಒಳಗೆ ಅಮರೇಶ್ ತಲೆ ತಗ್ಗಿಸಿ ನಿಂತಿದ್ದ, ಮುಖದಲ್ಲಿ ರಕ್ತವಿಲ್ಲ. ಪಕ್ಕದಲ್ಲಿ ಶಿವಮಲ್ಲಪ್ಪ. ಅಕ್ಷತಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಏನೂ ಅರಿಯದವಳಂತೆ, ಪರೀಕ್ಷೆಯಲ್ಲಿ ಏನಾಯಿತು ಸಾರ್ ಎಂದು ಕೇಳಿದಳು.

"ಇವತ್ತು ಯಾವ ಪರೀಕ್ಷೆನೂ ಇಲ್ಲಮ್ಮ," ಎಂದರು ಅನಂತಪದ್ಮನಾಭ. "ದಸರಾ ದಿನದ ಕ್ಯಾಮೆರಾ ಈಗ ನೋಡಿದ್ವಿ. ಕುರ್ಚೀಲಿ ಇದ್ದದ್ದು ಈ ಮನುಷ್ಯ. ನಿಮ್ಮ ಯಜಮಾನರಿಗೆ ಕೆಲಸ ವಾಪಸ್ ಕೊಡ್ತಿದೀವಿ. ಎಲ್ಲಿದ್ದರೂ ಸರಿ, ಫೋನ್ ಮಾಡಿ ಈಗಲೇ ಬರಕ್ಕೆ ಹೇಳಿ."

ಗಾಜಿನ ಕಿಟಕಿಯಾಚೆ ಹೈದರಾಬಾದಿನ ವಿಮಾನ ನೆಲ ಬಿಟ್ಟಿತ್ತು. ಅದರೊಳಗೆ ವಿಶ್ವನಾಥ್ ಕೂತಿದ್ದ, ಸಿಹಿ ಡಬ್ಬದವನೂ ಕೂತಿದ್ದ.