ಒಂದು ಗೇಣು ಹೆಚ್ಚು

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಸಾಬೂನಿನ ಪರಿಮಳವನ್ನೂ ಮೀರಿ ಬಾಗಿಲವರೆಗೆ ಬಂದಿತ್ತು. ನಾದಿನಿ ಚಪ್ಪಲಿ ಬಿಡುವಷ್ಟರಲ್ಲೇ ಅತ್ತಿಗೆ ಒಳಗಿನಿಂದ ಕೂಗಿದಳು: "ಏನೂ ಆಗಿಲ್ಲ ಕಣೇ, ಗಾಬರಿ ಬೀಳಬೇಡ. ತುದಿ ಕತ್ತರಿಸಿ ಇನ್ನೊಂದು ಹಾಕಿಬಿಡು, ಅಷ್ಟೆ." ಹೇಳುತ್ತ ಬಲಗೈಯನ್ನು ಏಪ್ರನ್ನಿನ ಜೇಬಿಗೆ ಸೇರಿಸಿದಳು. ನಾದಿನಿ ಆ ಕೈಯನ್ನು ಹೊರಗೆಳೆದು ನೋಡಿದಳು. ಬೆರಳ ತುದಿಯಲ್ಲಿ ಗುಳ್ಳೆ ಎದ್ದಿತ್ತು.

ಅತ್ತಿಗೆಯ ಸಾಬೂನು ಕತ್ತರಿಸುವ ಯಂತ್ರ ಅಣ್ಣನೇ ಜೋಡಿಸಿದ್ದು. ಅವನು ತೀರಿಕೊಂಡ ಮೇಲೆ ಅತ್ತಿಗೆಯ ಹೊಟ್ಟೆಪಾಡೂ ಅದೇ, ಜೊತೆಯೂ ಅದೇ. ಬ್ಲೇಡು ಹೊತ್ತ ಸರ್ವೋ ಮೋಟರ್ ಹಳಿಯ ಮೇಲೆ ಹೋಗಿ ಬರುವಾಗ, ಕರೆಂಟಿನ ಕೇಬಲ್ಲೂ ಬಾಗುತ್ತ ನೆಟ್ಟಗಾಗುತ್ತ ಅದರ ಹಿಂದೆಯೇ ಓಡಾಡುತ್ತಿತ್ತು. ಈಗ ಕೇಬಲ್ಲಿನ ತುದಿಯಲ್ಲಿ ಮೋಟರಿಗೆ ಸಿಕ್ಕಿಸುವ ಕನೆಕ್ಟರ್ ಕರಗಿ, ಮೇಣದ ಹಾಗೆ ಜೋತುಬಿದ್ದಿತ್ತು.

"ಕತ್ತರಿಸೋಕೆ ಏನೂ ಉಳಿದಿಲ್ಲ ಅತ್ತಿಗೆ. ಕೇಬಲ್ಲನ್ನೇ ಬದಲಾಯಿಸಬೇಕು."

"ಅದು ಅವರು ಹಾಕಿದ್ದು."

"ಗೊತ್ತು."

"ಗೊತ್ತಿದ್ದೂ ಹೇಳ್ತೀಯಲ್ಲ! ಒಂದು ಗೇಣು ಹೆಚ್ಚಿಗೆ ಸುತ್ತಿಟ್ಟಿದ್ರಲ್ಲ, ಅದೆಲ್ಲಿ ಹೋಯ್ತು?"

ಅಣ್ಣನ ಅಭ್ಯಾಸ ಅದು. ಯಾವ ಯಂತ್ರಕ್ಕೆ ಕೇಬಲ್ ಎಳೆದರೂ ಮೋಟರಿನ ಬಳಿ ತನ್ನ ಕೈಯ ಒಂದು ಗೇಣು ಹೆಚ್ಚಿಗೆ ಬಿಡುತ್ತಿದ್ದ, ಮುಂದೆ ರಿಪೇರಿ ಮಾಡುವವರಿಗೆ ಇರಲಿ ಎಂದು. ಆ ರಿಪೇರಿಯವಳು ತನ್ನ ತಂಗಿಯೇ ಆಗುತ್ತಾಳೆಂದು ಅವನಿಗೇನು ಗೊತ್ತು. ಕನೆಕ್ಟರ್ ಸುಟ್ಟಾಗಲೆಲ್ಲ ಅವಳು ಕಪ್ಪಾದ ತುದಿಯನ್ನು ಕತ್ತರಿಸಿ, ಅತ್ತಿಗೆ ಹಟ ಹಿಡಿದಂತೆ ಅದೇ ಅಳತೆಯ ಸಣ್ಣ ಕನೆಕ್ಟರನ್ನೇ ಕೂರಿಸುತ್ತ ಬಂದಿದ್ದಳು. ಬೇರೆಯದು ಹಾಕೋಣ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಹೀಗೆ ಅಣ್ಣನ ಗೇಣು ಚೂರುಚೂರೇ ಖರ್ಚಾಗಿ ಹೋಗಿತ್ತು.

ನಾದಿನಿ ಅತ್ತಿಗೆಯ ಗುಳ್ಳೆ ಎದ್ದ ಬೆರಳನ್ನು ಮತ್ತೊಮ್ಮೆ ನೋಡಿ, ಚೀಲದಿಂದ ಹೊಸ ಕನೆಕ್ಟರನ್ನೂ ಕೇಬಲ್ಲನ್ನೂ ತೆಗೆದು ಮೇಜಿನ ಮೇಲಿಟ್ಟಳು. "ಈ ಕನೆಕ್ಟರಿನ ಪಿನ್ನು ದಪ್ಪ. ತಿರುಗಿಸಿ ಬಿಗಿದರೆ ಎಷ್ಟು ಅದುರಿದ್ರೂ ಸಡಿಲ ಆಗಲ್ಲ. ಕೇಬಲ್ಲೂ ದಪ್ಪದ್ದೇ, ಆದ್ರೆ ಒಳಗಿರೋದು ಕೂದಲಿನಂಥ ತಾಮ್ರದ ಎಳೆಗಳು. ದಿನವಿಡೀ ಬಾಗಿದ್ರೂ ಬೇಗ ಮುರಿಯಲ್ಲ."

"ಅಂದ್ರೆ ಅವರ ಲೆಕ್ಕ ತಪ್ಪಿತ್ತು ಅಂತೀಯ?"

ಈ ಮಾತಿಗೇ ನಾದಿನಿ ಇಷ್ಟು ದಿನ ಹೆದರಿಕೊಂಡಿದ್ದು.

"ತಪ್ಪಿರಲಿಲ್ಲ ಅತ್ತಿಗೆ. ಅಣ್ಣ ಲೆಕ್ಕ ಹಾಕಿದ್ದು ಆಗಿನ ಮೆತ್ತನೆ ಸಾಬೂನಿಗೆ. ನೀವೀಗ ಕತ್ತರಿಸ್ತಿರೋದು ಕಲ್ಲಿನಂಥದ್ದು. ಬ್ಲೇಡ್ ಸಿಕ್ಕಿಕೊಂಡ್ರೆ ಮೋಟರ್ ನಿಂತಲ್ಲೇ ಒದ್ದಾಡುತ್ತೆ. ಓಡುವಾಗಿನದಕ್ಕಿಂತ ಹಾಗೆ ನಿಂತಾಗಲೇ ಅದು ಜಾಸ್ತಿ ಕರೆಂಟ್ ಎಳೆಯೋದು. ಸುಡೋದೂ ಆಗಲೇ."

"ಭಾರ ಜಾಸ್ತಿ ಮಾಡಿದ್ದು ನಾನು ಅನ್ನು."

"ಮಾರಾಟ ಆಗೋದು ಅದೇ. ಮನೆ ನಡೀಬೇಕಲ್ಲ."

ಅತ್ತಿಗೆ ಯಂತ್ರದ ಬಳಿ ಹೋದಳು. ತಾನೇ ಹಳೆಯ ಕೇಬಲ್ಲನ್ನು ಕೊಕ್ಕೆಯಿಂದ ಬಿಡಿಸಿ, ನೆಲಕ್ಕೆ ತಾಗದಂತೆ ಸುರುಳಿ ಸುತ್ತಿ ಎದೆಗೊತ್ತಿಕೊಂಡಳು. "ಹಾಕು," ಎಂದಳು.

ನಾದಿನಿ ಹಳಿಯುದ್ದಕ್ಕೂ ಹೊಸ ಕೇಬಲ್ ಹಿಡಿದು ಅಳೆದಳು. ಕೊನೆಯಲ್ಲಿ ಅಂಗೈ ಅಗಲಿಸಿ ಇನ್ನೊಂದು ಗೇಣು ಇಟ್ಟಳು.

"ಅದ್ಯಾರ ಗೇಣು?"

"ನಂದೇ."

"ನಿನ್ನ ಗುಬ್ಬಿಗೈ ಯಾವ ಮೂಲೆಗೆ ಸಾಕು? ನಿಮ್ಮಣ್ಣ ಒಂದು ಗೇಣು ಹೆಚ್ಚಿಗೆ ಅಂತ ಕರ್ಟನ್ ಹೊಲಿಸಿದ್ರೆ ಅದು ವರ್ಷವಿಡೀ ನೆಲ ಗುಡಿಸ್ತಿತ್ತು, ಮರೆತುಹೋಯ್ತಾ?"

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಅವನ ಗೇಣು ಎಷ್ಟಿತ್ತು ಅಂತ ಈಗ ಹೇಗೆ ಗೊತ್ತಾಗಬೇಕು ಅತ್ತಿಗೆ?"

ಅತ್ತಿಗೆ ಸುರುಳಿಯನ್ನು ಪಕ್ಕಕ್ಕಿಟ್ಟು, ಎಡತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿ, ಮೇಜಿನ ಮೇಲೆ ಕೈ ಚಾಚಿದಳು. ಮಣಿಕಟ್ಟಿನ ಮೂಳೆಯನ್ನು ಮುಟ್ಟಿ ತೋರಿಸಿದಳು. ಆಮೇಲೆ ಮೊಣಕೈ ಹತ್ತಿರದ ಮಚ್ಚೆಯನ್ನು. "ಇಲ್ಲಿಂದ ಇಲ್ಲಿಗೆ. ಸುಮ್ಮನೆ ಕೂತಾಗಲೆಲ್ಲ ಅಳೀತಿದ್ರು. ನಿನ್ನ ಕೈ ಇನ್ನೂ ಬೆಳೆದಿಲ್ಲ ಕಣೇ ಅಂತ ರೇಗಿಸೋಕೆ."

ನಾದಿನಿ ಕೇಬಲ್ಲನ್ನು ಆ ಕೈಯ ಮೇಲೆ ಉದ್ದಕ್ಕೆ ಮಲಗಿಸಿ, ಮಚ್ಚೆಯ ಹತ್ತಿರ ಉಗುರಿನಿಂದ ಒತ್ತಿ ಗುರುತು ಮಾಡಿದಳು.

ಗುರುತು ಹಾಕಿ ಆದ ಮೇಲೂ ಅತ್ತಿಗೆ ಕೈ ತೆಗೆಯಲಿಲ್ಲ.