ಪಕ್ಕದ ಕೋಣೆಯ ಅಪಸ್ವರ

ಪಾಠ ಹೇಳಿಕೊಟ್ಟರೆ ಅದು ಹೇಳಿಕೊಟ್ಟವರಿಗೇ ಮರೆತು ಅವರ ಕೈಬಿಟ್ಟು ಹೋಗುತ್ತಿದ್ದ ಕಾಲ. ಚೆಲ್ಲೋ ಎಂಬ ದೊಡ್ಡ ಪಿಟೀಲಿನ ಟೀಚರ್ ಫ್ಲೋರಿನ್ ತನ್ನ ವಿದ್ಯೆಯನ್ನೆಲ್ಲ ಮಕ್ಕಳಿಗೆ ಹಂಚಿ, ಇವತ್ತು ಸಂಜೆ ಆರ್ಕೆಸ್ಟ್ರಾದಲ್ಲಿ ಒಬ್ಬಳೇ ನುಡಿಸಬೇಕಾದ ಭಾಗವೊಂದನ್ನು ಮಾತ್ರ ಬಚ್ಚಿಟ್ಟುಕೊಂಡಿದ್ದಳು. ಅದಕ್ಕೆ ಉಡಬೇಕಾದ ಕಪ್ಪು ಸೀರೆಗೆ ಇಸ್ತ್ರಿಯೂ ಆಗಿತ್ತು.

ಆದರೆ ಆ ಭಾಗವನ್ನು ಕದ್ದು ಕೇಳಿದ್ದ ಶಿಷ್ಯೆ ಲವೀನಾ ಪಕ್ಕದ ಕೋಣೆಯಲ್ಲಿ ಅದನ್ನೇ ಚೆಲ್ಲೋ ಮೇಲೆ ತಪ್ಪುತಪ್ಪಾಗಿ ಉಜ್ಜುತ್ತಿದ್ದಳು. ಫ್ಲೋರಿನ್ ಕಿವಿಗೆ ಹತ್ತಿ ತುರುಕಿಕೊಂಡಳು, ಕೂತಲ್ಲಿ ಕೂರಲಾರದೆ ಓಡಾಡಿದಳು. ಅದೇ ಸ್ವರ ಅದೇ ಜಾಗದಲ್ಲಿ ಮತ್ತೆ ಮುಗ್ಗರಿಸಿತು. ಹಾಳಾಗಿ ಹೋಗಲಿ ಎಂದು ಹೋಗಿ ಬಾಗಿಲು ದೂಡಿದಳು.

“ಮೊಣಕೈ ಇಳಿಸು ಮಾರಾಯ್ತಿ! ಕಮಾನು ಒತ್ತಬೇಡ, ಸುಮ್ಮನೆ ಎಳೆ.”

ಲವೀನಾ ಎಳೆದಳು. ಕಿಟಕಿಯ ಗಾಜು ಸಣ್ಣಗೆ ನಡುಗಿತು.

“ಈಗ ಸರಿಯಾಯ್ತಾ ಟೀಚರ್?”

ಫ್ಲೋರಿನ್ ಹತ್ತಿ ತೆಗೆದು ಕಿವಿಗೊಟ್ಟಳು, ಸರಿಯೋ ತಪ್ಪೋ ಏನೂ ತಿಳಿಯಲಿಲ್ಲ.

“ಅದನ್ನಿನ್ನು ನೀನೇ ಹೇಳ್ಬೇಕು,” ಎಂದು ಕಪ್ಪು ಸೀರೆಯನ್ನು ತಂದು ಅವಳ ಹೆಗಲಿಗೆ ಹಾಕಿದಳು.